ಡಾಕ್ಟರೇಟ್ ಇದೆ, ಕಾಲಂ ಇಲ್ಲ

2025ರ ನವೆಂಬರ್‌ನಲ್ಲಿ ಅಮೆರಿಕದ ನರ್ಸ್‌ಗಳು ಸಿಟ್ಟಿಗೆದ್ದದ್ದು ಸಂಬಳಕ್ಕಲ್ಲ, ಪಾಳಿಗಲ್ಲ, ಒಂದು ಪಟ್ಟಿಗೆ. ಆ ವರ್ಷದ ಜುಲೈನಲ್ಲಿ ಸಹಿ ಬಿದ್ದ ಕಾನೂನು, ಪದವಿಯ ನಂತರ ಮುಂದೆ ಓದುವವರಿಗೆ ಸರ್ಕಾರ ಕೊಡುವ ಸಾಲಕ್ಕೆ ಮಿತಿ ಹಾಕಿತ್ತು. ‘ವೃತ್ತಿಪರ ಪದವಿ’ ಓದುವವರಿಗೆ ವರ್ಷಕ್ಕೆ 50,000 ಡಾಲರ್, ಉಳಿದವರಿಗೆ 20,500 ಡಾಲರ್. ಯಾವುದು ವೃತ್ತಿಪರ, ಯಾವುದು ಅಲ್ಲ ಎಂದು ಶಿಕ್ಷಣ ಇಲಾಖೆಯ ಸಮಿತಿ ಒಪ್ಪಿದ ಕರಡಿನಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಕಾನೂನು, ಪಶುವೈದ್ಯಕೀಯ ಎಲ್ಲ ಇದ್ದವು. ಧರ್ಮಶಾಸ್ತ್ರವೂ ಇತ್ತು. ನರ್ಸಿಂಗ್ ಇರಲಿಲ್ಲ. ಪಾದ್ರಿಯಾಗುವುದು ವೃತ್ತಿ, ಐಸಿಯುನಲ್ಲಿ ಜೀವ ಉಳಿಸುವುದು ವೃತ್ತಿಯಲ್ಲವೇ ಎಂದು ನರ್ಸ್‌ಗಳು ಕೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಇಲಾಖೆ ಅದಕ್ಕೆ ಅಂಕಿಯಲ್ಲೇ ಸಮಜಾಯಿಷಿ ಕೊಟ್ಟಿತು: ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಶೇ 95 ಮಂದಿ ಈ ವಾರ್ಷಿಕ ಮಿತಿಗಿಂತ ಕಡಿಮೆಯೇ ಸಾಲ ಮಾಡುತ್ತಾರೆ, ಅವರಿಗೆ ಇದರ ಬಿಸಿ ತಟ್ಟುವುದಿಲ್ಲ. ಅಂಕಿ ಸರಿಯೇ ಇರಬಹುದು. ಉಳಿದ ಶೇ 5 ಯಾರು? ಅವರಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಲೆಂದು ಡಾಕ್ಟರೇಟ್ ಓದುತ್ತಿರುವವರು ಎಷ್ಟು? ಓದು ಮುಗಿದ ಮೇಲೆ ಅವರು ಹಳ್ಳಿಯ ಕ್ಲಿನಿಕ್‌ಗೆ ಹೋಗುತ್ತಾರೋ, ನಗರದ ಹೃದ್ರೋಗ ವಿಭಾಗಕ್ಕೋ, ಕಾಲೇಜಿನ ಪಾಠದ ಕೋಣೆಗೋ? ಈ ಮಿತಿಯಿಂದ ಯಾವ ಊರಿನ ರೋಗಿಗೆ ನಷ್ಟ ಎಂದು ತಿಳಿಯಬೇಕಾದರೆ ಇವು ಗೊತ್ತಿರಬೇಕು. ಡಾಕ್ಟರೇಟ್ ಬೇಕೇ ಬೇಡವೇ ಎಂದು ಇಪ್ಪತ್ತು ವರ್ಷದಿಂದ ಜಗಳವಾಡುತ್ತಿರುವ ಆ ದೇಶದಲ್ಲಿ, ಡಾಕ್ಟರೇಟ್ ಪಡೆದ ನರ್ಸ್ ಪ್ರಾಕ್ಟೀಷನರ್‌ಗಳನ್ನು ಐವತ್ತೂ ರಾಜ್ಯಗಳಲ್ಲಿ ಒಂದೇ ಪ್ರಶ್ನೆ ಕೇಳಿ ಎಣಿಸುವ ರಿಜಿಸ್ಟರ್ ಮಾತ್ರ ಇಲ್ಲ.

ಮೊದಲು ಇವರು ಯಾರೆಂದು ನೋಡೋಣ. ನಮ್ಮ ಆಸ್ಪತ್ರೆಗಳ ಶುಶ್ರೂಷಾಧಿಕಾರಿಗಿಂತ ನರ್ಸ್ ಪ್ರಾಕ್ಟೀಷನರ್ ಬೇರೆ. ಆಕೆ ರೋಗಿಯನ್ನು ತಾನೇ ಪರೀಕ್ಷಿಸಿ, ರೋಗವೇನೆಂದು ಗುರುತಿಸಿ, ಔಷಧ ಬರೆದುಕೊಡುತ್ತಾಳೆ. ಇದು ಆರಂಭವಾದದ್ದು 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ, ವೈದ್ಯರು ಸಿಗದ ಕಡೆ ಮಕ್ಕಳನ್ನು ನೋಡಿಕೊಳ್ಳಲು ನರ್ಸ್‌ಗಳನ್ನು ತಯಾರು ಮಾಡಿದರು. ಇಂದು ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಇವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು. ಉಳಿದ ರಾಜ್ಯಗಳಲ್ಲಿ ವೈದ್ಯರೊಬ್ಬರ ಜೊತೆ ಕಾಗದದ ಮೇಲಾದರೂ ಒಪ್ಪಂದ ಇರಬೇಕು.

ಈ ಕೆಲಸಕ್ಕೆ ಸ್ನಾತಕೋತ್ತರ ಪದವಿ ಸಾಕೆಂಬುದು ಬಹುಕಾಲದ ನಿಯಮ. 2001ರಲ್ಲಿ ಕೆಂಟುಕಿ ವಿಶ್ವವಿದ್ಯಾಲಯ ‘ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್’ ಎಂಬ ಹೊಸ ಪದವಿ ಆರಂಭಿಸಿತು. ಚುಟುಕಾಗಿ ಡಿ.ಎನ್.ಪಿ. ಪಿಎಚ್.ಡಿ. ಸಂಶೋಧಕರದು, ಇದು ವೃತ್ತಿಯಲ್ಲೇ ಇರುವವರಿಗಾಗಿ ಮಾಡಿದ ಡಾಕ್ಟರೇಟ್. 2004ರಲ್ಲಿ ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ ಒಂದು ನಿರ್ಣಯ ಮಾಡಿತು: 2015ರ ಹೊತ್ತಿಗೆ ಉನ್ನತ ದರ್ಜೆಯ ನರ್ಸ್‌ಗಳ ತರಬೇತಿ ಡಾಕ್ಟರೇಟ್ ಮಟ್ಟಕ್ಕೆ ಏರಬೇಕು. 2015 ಬಂತು, ಹೋಯಿತು. 2018ರಲ್ಲಿ ನರ್ಸ್ ಪ್ರಾಕ್ಟೀಷನರ್ ಅಧ್ಯಾಪಕರ ರಾಷ್ಟ್ರೀಯ ಸಂಘಟನೆ ಹೊಸ ಗಡುವು ಹಾಕಿತು, 2025. ಅದೂ ಕಳೆಯಿತು. ಸ್ನಾತಕೋತ್ತರ ಪದವಿಯ ದಾರಿ ಈಗಲೂ ತೆರೆದೇ ಇದೆ. ಅರಿವಳಿಕೆ ನೀಡುವ ನರ್ಸ್‌ಗಳ ವಿಷಯದಲ್ಲಿ ಮಾತ್ರ ಮಾನ್ಯತೆ ನೀಡುವ ಸಂಸ್ಥೆ ಪಟ್ಟು ಬಿಡಲಿಲ್ಲ. 2022ರಿಂದ ಆ ಕೋರ್ಸ್ ಸೇರುವ ಪ್ರತಿಯೊಬ್ಬರೂ ಡಾಕ್ಟರೇಟ್‌ಗೇ ಸೇರಬೇಕು. ಅವರ ಮಟ್ಟಿಗೆ ಲೆಕ್ಕ ಸುಲಭ. ನರ್ಸ್ ಪ್ರಾಕ್ಟೀಷನರ್‌ಗಳದ್ದೇ ಕಲಸುಮೇಲೋಗರ.

ಡಿ.ಎನ್.ಪಿ. ಮಾತ್ರ ಬೆಳೆಯುತ್ತಲೇ ಹೋಯಿತು. ಈಗ 400ಕ್ಕೂ ಹೆಚ್ಚು ಕಡೆ ಈ ಪದವಿ ಓದಬಹುದು. ಓದುತ್ತಿರುವವರು ಸುಮಾರು 40 ಸಾವಿರ. ನರ್ಸಿಂಗ್‌ನಲ್ಲಿ ಪಿಎಚ್.ಡಿ. ಮಾಡುತ್ತಿರುವವರು ಐದು ಸಾವಿರದ ಒಳಗೆ, ಆ ಸಂಖ್ಯೆ ಇಳಿಯುತ್ತಲೂ ಇದೆ. ಕಾಲೇಜಿನ ಬಾಗಿಲಿನವರೆಗೆ ಲೆಕ್ಕ ಚೆನ್ನಾಗಿಯೇ ಇದೆ ಎನ್ನಬೇಕು. ಎಷ್ಟು ಜನ ಸೇರಿದರು, ಎಷ್ಟು ಜನ ತೇರ್ಗಡೆಯಾದರು ಎಂಬುದು ವರ್ಷವರ್ಷ ಸಿಗುತ್ತದೆ. ಬಾಗಿಲು ದಾಟಿದ ಮೇಲೆ ಅವರು ಎಲ್ಲಿ ಕರಗಿ ಹೋಗುತ್ತಾರೆಂಬುದು ಸಿಗುವುದಿಲ್ಲ.

ಒಂದು ಪದವಿ, ನಾಲ್ಕು ಹೆಂಗಸರು

ಒಂದೇ ಆಸ್ಪತ್ರೆಯಲ್ಲಿ ನಾಲ್ವರು ಇದ್ದಾರೆಂದು ಇಟ್ಟುಕೊಳ್ಳಿ. ಮೊದಲನೆಯಾಕೆ ಬಿ.ಎಸ್ಸಿ. ಮುಗಿಸಿ ನೇರ ಡಿ.ಎನ್.ಪಿ.ಗೆ ಸೇರಿ, ಅಲ್ಲೇ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನೂ ಪಡೆದು ಹೊರಬಂದವಳು. ಎರಡನೆಯಾಕೆ ಹದಿನೈದು ವರ್ಷದ ಹಿಂದೆ ಸ್ನಾತಕೋತ್ತರ ಪದವಿಯಿಂದಲೇ ನರ್ಸ್ ಪ್ರಾಕ್ಟೀಷನರ್ ಆದವಳು; ಆಮೇಲೆ ಕೆಲಸ ಮಾಡುತ್ತಲೇ ಆನ್‌ಲೈನ್‌ನಲ್ಲಿ ಆಡಳಿತ ವಿಷಯದ ಡಿ.ಎನ್.ಪಿ. ಮಾಡಿಕೊಂಡಳು. ಪದವಿ ಬಂದ ಮರುದಿನವೂ ಆಕೆ ನೋಡಿದ್ದು ಹಿಂದಿನ ದಿನ ನೋಡಿದ ರೋಗಿಗಳನ್ನೇ, ಬರೆದದ್ದು ಅದೇ ಔಷಧವನ್ನೇ. ಮೂರನೆಯಾಕೆಗೂ ಡಿ.ಎನ್.ಪಿ. ಇದೆ, ಆದರೆ ಆಕೆ ನರ್ಸ್ ಪ್ರಾಕ್ಟೀಷನರ್ ಆದದ್ದೇ ಇಲ್ಲ. ಆಸ್ಪತ್ರೆಯ ಇಡೀ ನರ್ಸಿಂಗ್ ವಿಭಾಗದ ಮುಖ್ಯಸ್ಥೆ. ನಾಲ್ಕನೆಯಾಕೆ ನರ್ಸ್ ಪ್ರಾಕ್ಟೀಷನರ್ ಹೌದು, ಡಾಕ್ಟರೇಟ್ ಕೂಡ ಇದೆ, ಆದರೆ ಅದು ಪಿಎಚ್.ಡಿ.; ವಾರದಲ್ಲಿ ನಾಲ್ಕು ದಿನ ಪಾಠ, ಒಂದು ದಿನ ಕ್ಲಿನಿಕ್.

ಡಿ.ಎನ್.ಪಿ. ಎಂದು ಎಣಿಸಿದರೆ ಮೊದಲ ಮೂವರು ಸಿಗುತ್ತಾರೆ. ನರ್ಸ್ ಪ್ರಾಕ್ಟೀಷನರ್ ಎಂದು ಎಣಿಸಿದರೆ ಒಂದು, ಎರಡು, ನಾಲ್ಕು. ಡಾಕ್ಟರೇಟ್ ಎಂದು ಎಣಿಸಿದರೆ ನಾಲ್ವರೂ. ನೀತಿ ಮಾಡುವವರಿಗೆ ನಿಜವಾಗಿ ಬೇಕಾದದ್ದು ಮೊದಲನೆಯಾಕೆ ಮತ್ತು ಎರಡನೆಯಾಕೆಯ ನಡುವಿನ ವ್ಯತ್ಯಾಸ, ಏಕೆಂದರೆ ‘ಆರಂಭದಿಂದಲೇ ಡಾಕ್ಟರೇಟ್ ಬೇಕೇ’ ಎಂಬ ವಾದದ ಹುರಿ ಇರುವುದು ಅಲ್ಲಿ. ಆ ವ್ಯತ್ಯಾಸ ಮಾತ್ರ ಈ ಮೂರೂ ಎಣಿಕೆಗಳಲ್ಲಿ ಕಾಣುವುದಿಲ್ಲ. ‘ನಿಮ್ಮ ಅತ್ಯುನ್ನತ ಪದವಿ ಯಾವುದು’ ಎಂಬ ಪ್ರಶ್ನೆಗೆ ಇಬ್ಬರ ಉತ್ತರವೂ ಒಂದೇ.

ಇದು ಕೂದಲು ಸೀಳುವ ಮಾತಲ್ಲ. 2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಮಾಜಿ ಡೀನ್ ಮೇರಿ ಮಂಡಿಂಗರ್ ಅವರು ಮೈಕೆಲ್ ಕಾರ್ಟರ್ ಜೊತೆಗೂಡಿ ಡಿ.ಎನ್.ಪಿ. ಕೋರ್ಸ್‌ಗಳನ್ನು ಒಂದೊಂದಾಗಿ ತಡಕಿ ನೋಡಿದರು. ಅವರ ಲೆಕ್ಕದಲ್ಲಿ ಶೇ 85 ಕೋರ್ಸ್‌ಗಳು ರೋಗಿಯ ಹಾಸಿಗೆಯ ಬಳಿಗೆ ಒಯ್ಯುವವಲ್ಲ. ಆಡಳಿತ, ನಾಯಕತ್ವ, ಗುಣಮಟ್ಟ ಸುಧಾರಣೆಯಂಥವು. ಚಿಕಿತ್ಸೆಯಲ್ಲಿ ಇನ್ನಷ್ಟು ಪಳಗಲಿ ಎಂದು ತಂದ ಪದವಿ ಹೆಚ್ಚಿನ ಕಡೆ ಚಿಕಿತ್ಸೆಯನ್ನೇ ಕಲಿಸುತ್ತಿಲ್ಲ ಎಂಬುದು ಅವರ ದೂರು. ಇದೇ ಮಂಡಿಂಗರ್ 2000ದಲ್ಲಿ ರೋಗಿಗಳನ್ನು ನರ್ಸ್ ಪ್ರಾಕ್ಟೀಷನರ್‌ಗಳಿಗೂ ವೈದ್ಯರಿಗೂ ಚೀಟಿ ಎತ್ತಿದಂತೆ ಹಂಚಿ ಹೋಲಿಸಿದ ಹೆಸರಾಂತ ಅಧ್ಯಯನವನ್ನು ಮುನ್ನಡೆಸಿದವರು, ಡಿ.ಎನ್.ಪಿ.ಗಾಗಿ ಮೊದಲಿಂದಲೂ ದನಿಯೆತ್ತಿದವರು. ದೂರು ಎದುರಾಳಿಯದಲ್ಲ, ಮನೆಯವರದೇ.

ಎರಡು ಸಂಖ್ಯೆ, ಎರಡೂ ನಿಜ

ಪದವಿಯ ಮಾತು ಹಾಗಿರಲಿ, ಒಟ್ಟು ನರ್ಸ್ ಪ್ರಾಕ್ಟೀಷನರ್‌ಗಳು ಎಷ್ಟೆಂದರೂ ಉತ್ತರ ಒಂದಲ್ಲ. 2023ರಲ್ಲಿ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕ ಸುಮಾರು 2 ಲಕ್ಷ 80 ಸಾವಿರ. ಅದೇ ವರ್ಷ ಅವರದೇ ವೃತ್ತಿ ಸಂಘ ಹೇಳಿದ್ದು 3 ಲಕ್ಷ 85 ಸಾವಿರಕ್ಕೂ ಹೆಚ್ಚು. ಒಂದು ಲಕ್ಷದ ಅಂತರ. ಯಾರೂ ಸುಳ್ಳು ಹೇಳುತ್ತಿಲ್ಲ. ಸಂಘ ಎಣಿಸುವುದು ಪರವಾನಗಿ ಇರುವವರನ್ನು. ಇಲಾಖೆ ಎಣಿಸುವುದು ಉದ್ಯೋಗದಾತರು ‘ನಮ್ಮಲ್ಲಿ ಈ ಹುದ್ದೆಯಲ್ಲಿ ಇಷ್ಟು ಜನ’ ಎಂದು ಬರೆದುಕೊಟ್ಟದ್ದನ್ನು. ಸ್ವಂತ ಕ್ಲಿನಿಕ್ ನಡೆಸುವವರು ಅದರಲ್ಲಿ ಬರುವುದಿಲ್ಲ. ನಮ್ಮ ನಾಲ್ಕನೆಯಾಕೆ ಅಲ್ಲಿ ಕಾಲೇಜು ಅಧ್ಯಾಪಕಿ. ಕೆಲಸದ ಮೇಲೆ ಎಣಿಸುವ ಈ ಪದ್ಧತಿಯಲ್ಲಿ ಪದವಿಗೆ ಜಾಗವೇ ಇಲ್ಲ. ನರ್ಸ್ ಪ್ರಾಕ್ಟೀಷನರ್‌ಗೆ ಪ್ರತ್ಯೇಕ ಸಂಕೇತ ಸಿಕ್ಕಿದ್ದೇ 2010ರ ಪರಿಷ್ಕರಣೆಯಲ್ಲಿ. ಅಲ್ಲಿಯವರೆಗೆ ನಲವತ್ತೈದು ವರ್ಷ ಅವರು ಸಾಮಾನ್ಯ ನರ್ಸ್‌ಗಳ ರಾಶಿಯಲ್ಲೇ ಸೇರಿಹೋಗಿದ್ದರು.

ವೈದ್ಯರ ಸ್ಥಿತಿ ಹೀಗಿಲ್ಲ. ಅಮೆರಿಕದ ವೈದ್ಯಕೀಯ ಸಂಘ 1906ರಿಂದ ಒಂದು ಮಹಾಪಟ್ಟಿ ಇಟ್ಟುಕೊಂಡು ಬಂದಿದೆ. ವಿದ್ಯಾರ್ಥಿ ವೈದ್ಯಕೀಯ ಕಾಲೇಜಿಗೆ ಕಾಲಿಟ್ಟಾಗ ತೆರೆದ ಕಡತ ಆತನ ಹಿಂದೆಯೇ ಸಾಗುತ್ತದೆ. ನರ್ಸ್‌ಗಳ ಕಡತ ತುಂಡು ತುಂಡಾಗಿ ಹಂಚಿಹೋಗಿದೆ. ಪದವಿಯ ತುಂಡು ಕಾಲೇಜಿನಲ್ಲಿ. ಪ್ರಮಾಣಪತ್ರದ ತುಂಡು ಐದು ಬೇರೆ ಬೇರೆ ಸಂಸ್ಥೆಗಳಲ್ಲಿ. ಪರವಾನಗಿಯ ತುಂಡು ರಾಜ್ಯದ ನರ್ಸಿಂಗ್ ಮಂಡಳಿಯಲ್ಲಿ. ಕಾನ್ಸಾಸ್ ಸಿಟಿಯಲ್ಲಿ ಊರಿನ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ಎರಡೂ ಬದಿಯಲ್ಲಿ ರೋಗಿಗಳನ್ನು ನೋಡುವ ನರ್ಸ್ ಪ್ರಾಕ್ಟೀಷನರ್ ಎರಡು ರಾಜ್ಯಗಳ ಅನುಮತಿ ಪಡೆಯಬೇಕು. ಸಾಮಾನ್ಯ ನರ್ಸ್‌ಗಳಿಗೆ ಹಲವು ರಾಜ್ಯಗಳಲ್ಲಿ ನಡೆಯುವ ಒಂದೇ ಪರವಾನಗಿ ಇದೆ. ಇವರಿಗೂ ಅಂಥದ್ದನ್ನು ತರಲು 2020ರಲ್ಲಿ ಅಂಗೀಕರಿಸಿದ ಒಪ್ಪಂದ ಜಾರಿಗೆ ಬರಲು ಏಳು ರಾಜ್ಯಗಳು ಬೇಕು. ಅಲ್ಲಿಯವರೆಗೆ ಒಬ್ಬಾಕೆ ಎರಡು ಮಂಡಳಿಗಳ ಲೆಕ್ಕದಲ್ಲಿ ಇಬ್ಬರು.

ಇಡೀ ದೇಶಕ್ಕೆ ಒಂದೇ ಆಗಿರುವ ಪಟ್ಟಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ವಿಮೆಗೆ ಬಿಲ್ ಕಳಿಸುವ ಪ್ರತಿಯೊಬ್ಬರಿಗೂ ಸರ್ಕಾರ ಹತ್ತು ಅಂಕಿಯ ಗುರುತು ಸಂಖ್ಯೆ ಕೊಡುತ್ತದೆ. ಆ ಪಟ್ಟಿ ಸಾರ್ವಜನಿಕ. ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು. ತೆರೆದರೆ ಹೆಸರು, ಕೆಲಸದ ವಿಳಾಸ, ಯಾವ ಬಗೆಯ ವೃತ್ತಿ ಎಂಬ ಸಂಕೇತ, ಸಂಖ್ಯೆ ಕೊಟ್ಟ ದಿನಾಂಕ, ಕೊನೆಯ ಬಾರಿ ತಿದ್ದಿದ ದಿನಾಂಕ ಕಾಣುತ್ತವೆ. ಹೆಸರಿನ ಪಕ್ಕ ಅರ್ಹತೆಗೊಂದು ಪುಟ್ಟ ಖಾಲಿ ಜಾಗ. ಸಂಶೋಧಕರು ಅದನ್ನು ನೋಡಿ ಹಿಗ್ಗಬಹುದು, ಆದರೆ ಅಲ್ಲಿ ಆಯ್ದುಕೊಳ್ಳಲು ಪಟ್ಟಿಯಿಲ್ಲ, ಮನಸ್ಸಿಗೆ ಬಂದದ್ದನ್ನು ಬರೆಯಬಹುದು. ಒಬ್ಬರು ಚುಕ್ಕಿ ಹಾಕಿ ಡಿ.ಎನ್.ಪಿ. ಎಂದರೆ ಇನ್ನೊಬ್ಬರು ಚುಕ್ಕಿಯಿಲ್ಲದೆ. ಮತ್ತೊಬ್ಬರು ಡಾಕ್ಟರೇಟ್ ಇದ್ದರೂ ಪ್ರಮಾಣಪತ್ರದ ಅಕ್ಷರಗಳನ್ನಷ್ಟೇ ಬರೆದು ಸುಮ್ಮನಾಗುತ್ತಾರೆ. ಹತ್ತು ವರ್ಷದ ಹಿಂದೆ ಸ್ನಾತಕೋತ್ತರ ಪದವಿ ಇದ್ದಾಗ ನೋಂದಾಯಿಸಿ, ಆಮೇಲೆ ಡಾಕ್ಟರೇಟ್ ಪಡೆದು, ಇಲ್ಲಿ ತಿದ್ದುವುದನ್ನು ಮರೆತವರು ಇನ್ನೂ ಹಳೆಯ ಅರ್ಹತೆಯಲ್ಲೇ ನಿಂತಿದ್ದಾರೆ. ನಿವೃತ್ತರಾದವರ ಸಂಖ್ಯೆ ತಾನಾಗಿ ಅಳಿಯುವುದೂ ಇಲ್ಲ.

ಜನಗಣತಿ ಬ್ಯೂರೊದ ವಾರ್ಷಿಕ ಸಮೀಕ್ಷೆಯ ನಮೂನೆ ಇದಕ್ಕಿಂತ ಸೊಗಸು. ವಿದ್ಯಾಭ್ಯಾಸದ ಪ್ರಶ್ನೆಯ ಕೊನೆಯಲ್ಲಿ ಎರಡು ಚೌಕಗಳು: ಒಂದು, ಪದವಿಯ ಮೇಲಿನ ವೃತ್ತಿಪರ ಪದವಿ, ಉದಾಹರಣೆಗೆ ವೈದ್ಯಕೀಯ, ದಂತವೈದ್ಯಕೀಯ, ಕಾನೂನು, ಇನ್ನೊಂದು, ಡಾಕ್ಟರೇಟ್, ಉದಾಹರಣೆಗೆ ಪಿಎಚ್.ಡಿ. ಡಿ.ಎನ್.ಪಿ. ಓದಿದಾಕೆ ಪೆನ್ನು ಹಿಡಿದು ಯಾವ ಚೌಕಕ್ಕೆ ಗುರುತು ಹಾಕಬೇಕು? ಆಕೆಯದು ವೃತ್ತಿಪರ ಪದವಿಯೂ ಹೌದು, ಡಾಕ್ಟರೇಟೂ ಹೌದು, ಉದಾಹರಣೆಗಳಲ್ಲಿ ಮಾತ್ರ ಇಲ್ಲ. ಶಿಕ್ಷಣ ಇಲಾಖೆಯದೇ ಅಂಕಿಅಂಶ ವಿಭಾಗದಲ್ಲಿ ಡಿ.ಎನ್.ಪಿ.ಗೆಂದೇ ಒಂದು ವಿಷಯ ಸಂಕೇತವಿದೆ, ಡಾಕ್ಟರೇಟ್‌ಗಳಲ್ಲಿ ‘ವೃತ್ತಿ ಅಭ್ಯಾಸದ ಡಾಕ್ಟರೇಟ್’ ಎಂಬ ವರ್ಗವೂ ಇದೆ. ಕಾಲೇಜುಗಳು ಡಿ.ಎನ್.ಪಿ.ಯನ್ನು ಆ ವರ್ಗಕ್ಕೆ ಸೇರಿಸಿ ವರದಿ ಕಳಿಸುವುದು ರೂಢಿ. ಅದನ್ನು ಸ್ವೀಕರಿಸುವ ಇಲಾಖೆಯೇ ಸಾಲದ ಕಿಟಕಿಯಲ್ಲಿ ಕುಳಿತು ‘ಇದು ವೃತ್ತಿಪರ ಪದವಿಯಲ್ಲ’ ಎನ್ನುತ್ತಿದೆ. ಎಡಗೈ ಬರೆದದ್ದನ್ನು ಬಲಗೈ ಓದಿಲ್ಲ.

ಇನ್ನು ನರ್ಸ್‌ಗಳಿಗಾಗಿಯೇ ಮಾಡುವ ರಾಷ್ಟ್ರೀಯ ಮಾದರಿ ಸಮೀಕ್ಷೆ. 1977ರಲ್ಲಿ ಆರಂಭವಾಗಿ, ನಾಲ್ಕು ವರ್ಷಕ್ಕೊಮ್ಮೆಯಂತೆ ನಡೆಯುತ್ತಿದ್ದ ಇದು 2008ರ ನಂತರ ನಿಂತಿತು. 2012ರಲ್ಲಿ ನರ್ಸ್ ಪ್ರಾಕ್ಟೀಷನರ್‌ಗಳಿಗಾಗಿ ಪ್ರತ್ಯೇಕ ಸಮೀಕ್ಷೆಯೊಂದು ನಡೆದದ್ದು ಬಿಟ್ಟರೆ 2018ರವರೆಗೆ ಖಾಲಿ. ಆ ಹತ್ತು ವರ್ಷ ಡಿ.ಎನ್.ಪಿ. ಕೋರ್ಸ್‌ಗಳು ಅಣಬೆಯಂತೆ ಎದ್ದ ಕಾಲ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಮತ್ತೆ 2022ರಲ್ಲಿ ನಡೆಯಿತು, ಫಲಿತಾಂಶ ಬಂದದ್ದು 2024ರಲ್ಲಿ. ಸಮೀಕ್ಷೆ ಒಳ್ಳೆಯದೇ, ಆದರೂ ಅದು ಮಾದರಿ. ಇಡೀ ದೇಶದ ಚಿತ್ರ ಕೊಡುತ್ತದೆ. ಒಂದು ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ನೋಡುವ ಡಾಕ್ಟರೇಟ್ ನರ್ಸ್ ಪ್ರಾಕ್ಟೀಷನರ್ ಇದ್ದಾರೆಯೇ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ಆಟಕ್ಕುಂಟು, ಲೆಕ್ಕಕ್ಕಿಲ್ಲ

ಇಷ್ಟನ್ನೂ ಕಚೇರಿಗಳ ಆಲಸ್ಯ ಎಂದು ತಳ್ಳಿಹಾಕಿಬಿಡಬಹುದಿತ್ತು. ನನಗೆ ಹಾಗನ್ನಿಸುವುದಿಲ್ಲ. ಕೆಲವು ಕಡೆ ಕಾಣದಿರುವುದರಲ್ಲೇ ಲಾಭವಿದೆ.

ಮೆಡಿಕೇರ್ ಎಂಬುದು 65 ದಾಟಿದವರಿಗೆ ಇರುವ ಸರ್ಕಾರಿ ವಿಮೆ. 1997ರ ಕಾನೂನಿನ ನಂತರ ನರ್ಸ್ ಪ್ರಾಕ್ಟೀಷನರ್‌ಗಳು ಎಲ್ಲ ಕಡೆ ತಮ್ಮ ಹೆಸರಿನಲ್ಲೇ ಬಿಲ್ ಕಳಿಸಬಹುದು. ವೈದ್ಯರಿಗೆ ಕೊಡುವ ದರದ ಶೇ 85 ಸಿಗುತ್ತದೆ. ಆದರೆ ವೈದ್ಯರು ಅದೇ ಕಚೇರಿಯಲ್ಲಿದ್ದು, ಚಿಕಿತ್ಸೆಯ ಯೋಜನೆ ಅವರದೇ ಆಗಿದ್ದರೆ, ನರ್ಸ್ ಪ್ರಾಕ್ಟೀಷನರ್ ಮಾಡಿದ ಕೆಲಸವನ್ನು ವೈದ್ಯರ ಹೆಸರಿನಲ್ಲಿ ಬಿಲ್ ಮಾಡಲು ಅವಕಾಶವಿದೆ. ಆಗ ಸಿಗುವುದು ಪೂರ್ತಿ ನೂರು. ಶೇ 15ರ ಆಸೆಯಿಂದ ಆಕೆಯ ಹೆಸರು ಕಡತದಿಂದ ಮಾಯವಾಗುತ್ತದೆ. ರಕ್ತದೊತ್ತಡ ನೋಡಿ, ಮಾತ್ರೆಯ ಪ್ರಮಾಣ ಬದಲಿಸಿ, ಅಜ್ಜನಿಗೆ ಉಪ್ಪು ಬಿಡಿ ಎಂದು ಗದರಿಸಿದವಳು ಆಕೆ. ಕಾಗದದಲ್ಲಿ ಇರುವವರು ವೈದ್ಯರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. 2019ರ ಜೂನ್‌ನಲ್ಲಿ ಮೆಡಿಕೇರ್ ಬಗ್ಗೆ ಸಂಸತ್ತಿಗೆ ಸಲಹೆ ನೀಡುವ ಆಯೋಗವೇ ಈ ಪದ್ಧತಿಯನ್ನು ನಿಲ್ಲಿಸಿ ಎಂದಿತು. ಜೊತೆಗೆ, ಮೆಡಿಕೇರ್ ನರ್ಸ್ ಪ್ರಾಕ್ಟೀಷನರ್‌ಗಳೆಲ್ಲರನ್ನೂ ಒಂದೇ ಸಂಕೇತದಡಿ ಹಾಕುತ್ತದೆ, ಅವರಲ್ಲಿ ಹೃದ್ರೋಗ ನೋಡುವವರು ಯಾರು, ಕುಟುಂಬ ವೈದ್ಯಕೀಯ ನೋಡುವವರು ಯಾರು ಎಂದು ತಿಳಿಯುವಂತೆ ಮಾಡಿ ಎಂದೂ ಹೇಳಿತು.

ಹೀಗಿರುವಾಗ ‘ಡಾಕ್ಟರೇಟ್ ಇರುವವರ ಚಿಕಿತ್ಸೆ ಸ್ನಾತಕೋತ್ತರ ಪದವಿಯವರ ಚಿಕಿತ್ಸೆಗಿಂತ ಉತ್ತಮವೇ’ ಎಂದು ಅಳೆಯುವುದಾದರೂ ಹೇಗೆ? ಕೆಲಸ ಮಾಡಿದವರ ಹೆಸರು ಬಿಲ್‌ನಲ್ಲಿಲ್ಲ. ಹೆಸರಿರುವ ಕಡೆ ಪದವಿಯಿಲ್ಲ. ಪದವಿಯಿರುವ ಕಡೆ ರೋಗಿಯಿಲ್ಲ.

ನರ್ಸ್ ಪ್ರಾಕ್ಟೀಷನರ್‌ಗಳಲ್ಲೇ ಪದವಿಗೊಂದು ಕಾಲಂ ಹಾಕುವುದೆಂದರೆ ಹುತ್ತಕ್ಕೆ ಕೈ ಹಾಕಿದಂತೆ ಎಂಬ ಅಳುಕಿರುವುದು ಸಹಜ. ಅವರ ಅರವತ್ತು ವರ್ಷದ ಹೋರಾಟದ ಬಲವೆಲ್ಲ ಸ್ನಾತಕೋತ್ತರ ಪದವಿಯವರು ಮಾಡಿ ತೋರಿಸಿದ ಒಳ್ಳೆಯ ಕೆಲಸದ ಮೇಲೆ ನಿಂತಿದೆ. ನಾಳೆ ಪದವಿಯ ಲೆಕ್ಕ ತೆಗೆದು, ಎರಡಕ್ಕೂ ವ್ಯತ್ಯಾಸವಿಲ್ಲ ಎಂದು ಬಂದರೆ, ವರ್ಷಗಟ್ಟಲೆ ಓದಿ ಸಾಲ ಹೊತ್ತವರು ಕೇಳುತ್ತಾರೆ: ಯಾಕೆ ಓದಿಸಿದಿರಿ? ವ್ಯತ್ಯಾಸವಿದೆ ಎಂದು ಬಂದರೆ, ಸ್ನಾತಕೋತ್ತರದವರನ್ನು ಕಟ್ಟಿಹಾಕಿ ಎಂದು ವೈದ್ಯರ ಸಂಘಗಳು ಅದೇ ಕಾಗದ ಹಿಡಿದು ಶಾಸನಸಭೆಗೆ ಹೋಗುತ್ತವೆ. ‘ಡಾಕ್ಟರ್’ ಎಂಬ ಸಂಬೋಧನೆಯ ಗಲಾಟೆ ಬೇರೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಡಿ.ಎನ್.ಪಿ. ಪಡೆದ ಮೂವರು, ತಮ್ಮ ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳಲು ಬಿಡದ ಕಾನೂನಿನ ವಿರುದ್ಧ 2023ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಹೆಸರಿನ ಹಿಂದಿನ ಎರಡಕ್ಷರಕ್ಕೆ ಇಷ್ಟು ಬಡಿದಾಟ ನಡೆಯುವಲ್ಲಿ ನಮೂನೆಯ ಒಂದು ಚೌಕ ಮುಗ್ಧವಾಗಿ ಉಳಿಯುವುದು ಕಷ್ಟ. ಆದರೂ, ನನ್ನ ಮಟ್ಟಿಗೆ, ಉತ್ತರಕ್ಕೆ ಹೆದರಿ ಪ್ರಶ್ನೆಯನ್ನೇ ಕೇಳದಿರುವುದು 40 ಸಾವಿರ ವಿದ್ಯಾರ್ಥಿಗಳ ದುಡ್ಡಿನಲ್ಲಿ ಆಡುವ ಜೂಜು.

ಹಾಗಾದರೆ ಎಲ್ಲ ಕಡೆ ಒಂದೇ ಅಳತೆಯ ದತ್ತಾಂಶ ಎಂದರೆ ಏನು? ಹೊಸ ಕಚೇರಿ, ಹೊಸ ತಂತ್ರಾಂಶ ಎಂದು ಹೆದರಬೇಕಾಗಿಲ್ಲ. ನರ್ಸ್‌ಗಳು ಪರವಾನಗಿ ನವೀಕರಿಸಲು ನಿಯತವಾಗಿ ರಾಜ್ಯದ ಮಂಡಳಿಗೆ ಬರಲೇಬೇಕು. ಅದೇ ಹೊತ್ತಿನಲ್ಲಿ ನಾಲ್ಕು ಪ್ರಶ್ನೆ ಕೇಳಿದರಾಯಿತು, ಎಲ್ಲ ರಾಜ್ಯಗಳಲ್ಲೂ ಅದೇ ಮಾತಿನಲ್ಲಿ, ಅದೇ ಆಯ್ಕೆಗಳೊಂದಿಗೆ. ನಾರ್ತ್ ಕೆರೊಲಿನಾ 1970ರ ದಶಕದ ಕೊನೆಯಿಂದ ಹೀಗೆ ಮಾಡುತ್ತಿದೆ. ಅಲ್ಲಿ ಪರವಾನಗಿಯ ಮಾಹಿತಿ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿರುವ ಶೆಪ್ಸ್ ಕೇಂದ್ರಕ್ಕೆ ಪ್ರತಿ ವರ್ಷ ಬಂದು ಸೇರುತ್ತದೆ. ಯಾವ ಕೌಂಟಿಯಲ್ಲಿ ಯಾರು ಎಷ್ಟಿದ್ದಾರೆ ಎಂಬುದು ನಾಲ್ಕು ದಶಕಗಳ ಉದ್ದಕ್ಕೂ ಸಿಗುತ್ತದೆ. ವರ್ಜೀನಿಯಾ ಕೂಡ ನವೀಕರಣದ ಸಮಯದಲ್ಲೇ ಸಮೀಕ್ಷೆ ಮುಗಿಸುತ್ತದೆ. ರಾಜ್ಯಗಳ ನರ್ಸಿಂಗ್ ಕಾರ್ಯಪಡೆ ಕೇಂದ್ರಗಳ ರಾಷ್ಟ್ರೀಯ ವೇದಿಕೆ ಎಲ್ಲ ರಾಜ್ಯಗಳೂ ಕೇಳಬೇಕಾದ ‘ಕನಿಷ್ಠ ದತ್ತಾಂಶ’ದ ಪಟ್ಟಿಯನ್ನು ಎಂದೋ ಸಿದ್ಧಪಡಿಸಿಟ್ಟಿದೆ. ಒಪ್ಪುವುದು ಬಿಡುವುದು ರಾಜ್ಯದ ಇಷ್ಟ. ಕೆಲವರು ಪೂರ್ತಿ ಕೇಳುತ್ತಾರೆ, ಕೆಲವರು ಅರ್ಧ. ಕೆಲವು ಕಡೆ ಉತ್ತರ ಕಡ್ಡಾಯ, ಕೆಲವು ಕಡೆ ಐಚ್ಛಿಕ. ಒಂದು ರಾಜ್ಯ ಡಿ.ಎನ್.ಪಿ. ಮತ್ತು ಪಿಎಚ್.ಡಿ.ಗಳನ್ನು ಬೇರೆ ಬೇರೆ ಬರೆದುಕೊಂಡು ಇನ್ನೊಂದು ‘ಡಾಕ್ಟರೇಟ್’ ಎಂದಷ್ಟೇ ಬರೆದುಕೊಂಡರೆ ಎರಡನ್ನೂ ಕೂಡಿಸುವುದು ಸೇರನ್ನೂ ಮೊಳವನ್ನೂ ಕೂಡಿಸಿದಂತೆ.

ನನ್ನನ್ನು ಕೇಳಿದರೆ ಆ ಪಟ್ಟಿಗೆ ಒಂದೇ ಒಂದು ಪ್ರಶ್ನೆ ಸೇರಬೇಕು: ‘ನೀವು ನರ್ಸ್ ಪ್ರಾಕ್ಟೀಷನರ್ ಆದದ್ದು ಯಾವ ಪದವಿಯಿಂದ?’ ಅತ್ಯುನ್ನತ ಪದವಿಯ ಪ್ರಶ್ನೆ ಹೇಗೂ ಇದೆ. ಎರಡೂ ಅಕ್ಕಪಕ್ಕ ನಿಂತರೆ ಮೊದಲನೆಯಾಕೆ ಎರಡನೆಯಾಕೆಯಿಂದ ಬೇರೆಯಾಗುತ್ತಾಳೆ. ವಾರಕ್ಕೆ ಎಷ್ಟು ಗಂಟೆ ರೋಗಿಗಳನ್ನು ನೋಡುತ್ತೀರಿ ಎಂಬುದನ್ನೂ ಬಿಡದೆ ಕೇಳಿದರೆ ನಾಲ್ಕನೆಯಾಕೆಯನ್ನು ಐದರಲ್ಲಿ ಒಂದಂಶವೆಂದು ಲೆಕ್ಕ ಹಿಡಿಯಬಹುದು. ಇದಕ್ಕಿಂತ ಹೆಚ್ಚು ಕೇಳಹೊರಟರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಪಾಳಿ ಮುಗಿಸಿ ಬಂದು ರಾತ್ರಿ ಹನ್ನೊಂದಕ್ಕೆ ನವೀಕರಣದ ಪುಟ ತೆರೆದು ಕುಳಿತವರು ಅರವತ್ತನೆಯ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡುತ್ತಾರೆ.

ವಾಷಿಂಗ್ಟನ್‌ಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. 2010ರಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಸಂಸ್ಥೆಯ ಪ್ರಸಿದ್ಧ ವರದಿ ಎರಡು ಮಾತು ಹೇಳಿತ್ತು: 2020ರೊಳಗೆ ಡಾಕ್ಟರೇಟ್ ನರ್ಸ್‌ಗಳ ಸಂಖ್ಯೆ ಇಮ್ಮಡಿಯಾಗಲಿ, ಆರೋಗ್ಯ ಸಿಬ್ಬಂದಿಯ ದತ್ತಾಂಶ ಕಲೆಹಾಕಲು ಒಂದು ವ್ಯವಸ್ಥೆ ಕಟ್ಟಿ. ಮೊದಲನೆಯದನ್ನು ಕಾಲೇಜುಗಳು ಖುಷಿಯಿಂದ ಎತ್ತಿಕೊಂಡವು, ಶುಲ್ಕ ಬರುತ್ತದಲ್ಲ. ಎರಡನೆಯದಕ್ಕೆ ಅದೇ ವರ್ಷದ ಒಬಾಮಾ ಆರೋಗ್ಯ ಕಾನೂನು ಒಂದು ರಾಷ್ಟ್ರೀಯ ಆಯೋಗವನ್ನೇ ರಚಿಸಿತು. ಹದಿನೈದು ಸದಸ್ಯರ ನೇಮಕವಾಯಿತು. ನರ್ಸಿಂಗ್ ಕಾರ್ಯಪಡೆಯ ಅಧ್ಯಯನದಲ್ಲಿ ದೊಡ್ಡ ಹೆಸರಾದ ಪೀಟರ್ ಬೂರ್‌ಹಾಸ್ ಅಧ್ಯಕ್ಷರಾದರು. ಸಂಸತ್ತು ಹಣ ಕೊಡಲಿಲ್ಲ. ಆಯೋಗ ಒಂದು ಸಲವೂ ಸಭೆ ಸೇರಲಿಲ್ಲ.

ಇದನ್ನು ಓದಿ ನಗುವ ಮುನ್ನ ಬೆಂಗಳೂರಿನ ಕಡೆ ಒಮ್ಮೆ ತಿರುಗಬೇಕು. ಭಾರತದಲ್ಲಿ ನರ್ಸಿಂಗ್ ಪಿಎಚ್.ಡಿ.ಗೆ ರಾಷ್ಟ್ರಮಟ್ಟದ ಒಕ್ಕೂಟ ಹುಟ್ಟಿದ್ದೇ ಇಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ 2005ರಲ್ಲಿ ಅದನ್ನು ಕಟ್ಟಿತು. ತೀವ್ರ ನಿಗಾ ಘಟಕಗಳಿಗಾಗಿ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಕೋರ್ಸ್ ಬಂದದ್ದು 2016ರ ಹೊತ್ತಿಗೆ. ಸೂಲಗಿತ್ತಿ ಸೇವೆಗೆ 2018ರ ಮಾರ್ಗಸೂಚಿ ಇನ್ನೊಂದು ಬಗೆಯ ನರ್ಸ್ ಪ್ರಾಕ್ಟೀಷನರ್‌ಗಳನ್ನು ತಂದಿತು. ಆದರೆ ರಾಜ್ಯ ಪರಿಷತ್ತುಗಳ ಹಳೆಯ ರಿಜಿಸ್ಟರ್‌ಗಳ ಗುಣ ಎಲ್ಲರಿಗೂ ಗೊತ್ತು: ಹೆಸರು ಸೇರುತ್ತದೆ, ಹೊರಗೆ ಹೋಗುವುದಿಲ್ಲ. ಕೇರಳದಿಂದ, ಮಣಿಪುರದಿಂದ, ಬಂಗಾಳದಿಂದ ಕರ್ನಾಟಕದ ಕಾಲೇಜುಗಳಿಗೆ ಬಂದು ಓದಿ, ಇಲ್ಲೇ ನೋಂದಾಯಿಸಿ, ದುಬೈಗೋ ಲಂಡನ್‌ಗೋ ಹಾರಿದವರೂ ಹಳೆಯ ಪುಸ್ತಕದಲ್ಲಿ ನಮ್ಮ ರಾಜ್ಯದ ನರ್ಸ್‌ಗಳೇ. ಇದನ್ನು ಸರಿಪಡಿಸಲೆಂದೇ ಆಧಾರ್‌ಗೆ ಜೋಡಿಸಿದ ನೋಂದಣಿ ಮತ್ತು ಜಾಡು ಹಿಡಿಯುವ ವ್ಯವಸ್ಥೆ ಬಂತು, ಪ್ರತಿ ನರ್ಸ್‌ಗೂ ದೇಶಕ್ಕೆಲ್ಲ ಒಂದೇ ಗುರುತು ಸಂಖ್ಯೆ. 1947ರ ಕಾಯ್ದೆಯ ಜಾಗಕ್ಕೆಂದು ತಂದಿರುವ 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆ ರಾಷ್ಟ್ರೀಯ ರಿಜಿಸ್ಟರ್ ಇರಬೇಕೆನ್ನುತ್ತದೆ. ಒಂದೇ ದೇಶ, ಒಂದೇ ಸಂಖ್ಯೆ ಎಂಬ ವಿಷಯದಲ್ಲಿ ನಾವು ಅಮೆರಿಕಕ್ಕಿಂತ ಮುಂದಿದ್ದೇವೆ, ಅಷ್ಟರ ಮಟ್ಟಿಗೆ ಬೀಗಬಹುದು. ನಮ್ಮ ನರ್ಸ್ ಪ್ರಾಕ್ಟೀಷನರ್‌ಗಳು ಇನ್ನೂ ಬೆರಳೆಣಿಕೆಯ ಕಾಲದಲ್ಲಿರುವುದರಿಂದ, ಯಾವ ಪದವಿಯಿಂದ ಈ ಕೆಲಸಕ್ಕೆ ಬಂದಿರಿ ಎಂದು ಆರಂಭದಲ್ಲೇ ಬರೆದಿಟ್ಟುಕೊಳ್ಳಲು ಖರ್ಚೂ ಇಲ್ಲ.

ಮತ್ತೆ ಕೊಲರಾಡೊಗೆ. ಲೊರೆಟ್ಟಾ ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104ನೆಯ ವಯಸ್ಸಿನಲ್ಲಿ. ನರ್ಸ್ ಪ್ರಾಕ್ಟೀಷನರ್ ಎಂಬ ಕಲ್ಪನೆಯ ತಾಯಿಗೆ ಡಾಕ್ಟರೇಟ್ ಇತ್ತು. 1961ರಲ್ಲೇ, ಅಂದರೆ ಡಿ.ಎನ್.ಪಿ. ಹುಟ್ಟುವ ನಲವತ್ತು ವರ್ಷ ಮೊದಲೇ ಪಡೆದಿದ್ದರು. ಆದರೆ ಅದು ಶಿಕ್ಷಣಶಾಸ್ತ್ರದ ಡಾಕ್ಟರೇಟ್. ನರ್ಸಿಂಗ್‌ನಲ್ಲಿ ಅವರದು ಸ್ನಾತಕೋತ್ತರ ಪದವಿ. ಮುಂದೆ ರೋಚೆಸ್ಟರ್ ವಿಶ್ವವಿದ್ಯಾಲಯದ ನರ್ಸಿಂಗ್ ಶಾಲೆಯ ಮೊದಲ ಡೀನ್ ಆದಾಗ ಪಾಠ, ಸಂಶೋಧನೆ, ಆಸ್ಪತ್ರೆಯ ಸೇವೆ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿದರು. ಅವರ ಕೈಗೆ ಇಂದಿನ ನವೀಕರಣದ ನಮೂನೆ ಕೊಟ್ಟಿದ್ದರೆ, ‘ನರ್ಸಿಂಗ್‌ನಲ್ಲಿ ಅತ್ಯುನ್ನತ ಪದವಿ’ ಎಂದು ಕೇಳುವ ರಾಜ್ಯದಲ್ಲಿ ಅವರು ಡಾಕ್ಟರೇಟ್ ಇಲ್ಲದವರು. ‘ಅತ್ಯುನ್ನತ ಪದವಿ’ ಎಂದಷ್ಟೇ ಕೇಳುವ ಪಕ್ಕದ ರಾಜ್ಯದಲ್ಲಿ ಡಾಕ್ಟರೇಟ್ ಇರುವವರು. ವಿಶ್ವವಿದ್ಯಾಲಯ ಅವರನ್ನು ಅಧ್ಯಾಪಕಿ ಎಂದು ಬರೆದುಕೊಟ್ಟಿದ್ದರೆ ಕಾರ್ಮಿಕ ಇಲಾಖೆಯ ಪುಟದಲ್ಲಿ ನರ್ಸ್ ಕೂಡ ಅಲ್ಲ.